ಎರಡು ಚುಕ್ಕೆ

ಬಳಗದ ಸಂಪಾದಕರು ಲೇಖನ ಕೇಳಿದಾಗಲೆಲ್ಲ ನಾನು “ನೋಡುವ, ಮುಂದಿನ ಸಂಚಿಕೆಗೆ” ಎಂದು ಜಾರಿಕೊಳ್ಳುತ್ತಿದ್ದೆ. ಕತೆ ಬರೆಯಲು ನನಗೆ ಬರುವುದಿಲ್ಲ. ಕವಿತೆ ಬರೆದರೆ ಗೆಳೆಯರು ನಗುತ್ತಾರೆ. ಈ ಸಲ ಅವರು ಬಿಡಲಿಲ್ಲ. “ದಿನವಿಡೀ ಆಫೀಸಿನಲ್ಲಿ ಎಂತ ಮಾಡ್ತೀಯೋ ಅದನ್ನೇ ಬರಿ ಮಾರಾಯ” ಅಂದರು. ನಾನು ಮಾಡುವುದು ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಹೊಸ ಕಡೆಗೆ ಸಾಗಿಸುವ ಕೆಲಸ. ಅಂದರೆ ದಿನವೆಲ್ಲ ತಪ್ಪು ತಿದ್ದುವುದು. ಅದನ್ನು ಯಾರು ಓದುತ್ತಾರೆ ಎಂದೆ. “ಗ್ರಂಥಸಂಪಾದನೆಯ ಪೇಪರನ್ನೇ ಓದಿ ಪಾಸಾದವರು ನಾವು, ನಿನ್ನದನ್ನು ಓದಲಿಕ್ಕೆ ಆಗುವುದಿಲ್ಲವಾ?” ಅಂದರು. ತಮಾಷೆಗೆ ಹೇಳಿದ್ದು. ಆದರೆ ಆ ರಾತ್ರಿ ಡೊಂಬಿವಲಿಯ ಗಾಡಿಯಲ್ಲಿ ಒಂದು ಕಾಲಿನ ಮೇಲೆ ನಿಂತುಕೊಂಡು ಯೋಚಿಸಿದಾಗ, ಅವರು ತಮಗೆ ಗೊತ್ತಿಲ್ಲದೆಯೇ ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ ಅನ್ನಿಸಿತು.

2017ರ ಮಳೆಗಾಲದಲ್ಲಿ ನಮ್ಮ ಕಂಪೆನಿಗೆ ಉಪನಗರದ ಒಂದು ಸಹಕಾರಿ ಬ್ಯಾಂಕಿನ ಕೆಲಸ ಬಂತು. ಕಂಪೆನಿಯ ಹೆಸರೂ ಬೇಡ, ಬ್ಯಾಂಕಿನ ಹೆಸರೂ ಬೇಡ. ಇಲ್ಲಿ ಹೇಳುವ ತಪ್ಪು ನನ್ನದೇ. ಆಫೀಸು ಅಂಧೇರಿ ಪೂರ್ವದಲ್ಲಿ, ಮರೋಳದ ಕಡೆ. ಡೊಂಬಿವಲಿಯಿಂದ ಘಾಟ್ಕೋಪರಿನವರೆಗೆ ಫಾಸ್ಟ್ ಗಾಡಿ, ಅಲ್ಲಿಂದ ಮೆಟ್ರೋ. ಬ್ಯಾಂಕಿನ ಪ್ರೋಗ್ರಾಮುಗಳು ತೊಂಬತ್ತರ ದಶಕದ ಆರಂಭದವು. ಇನ್‌ಫಾರ್ಮಿಕ್ಸ್ ಎಂಬ ಡೇಟಾಬೇಸನ್ನು ನೆಚ್ಚಿಕೊಂಡು ಸಿ ಭಾಷೆಯಲ್ಲಿ ಬರೆದವು. ಆ ಇನ್‌ಫಾರ್ಮಿಕ್ಸನ್ನು 2001ರಲ್ಲಿ ಐಬಿಎಂ ಕೊಂಡುಕೊಂಡಿತ್ತು. ಬ್ಯಾಂಕಿನವರಿಗೆ ಈಗ ಲೈಸೆನ್ಸಿನ ಖರ್ಚಿಲ್ಲದ ಪೋಸ್ಟ್‌ಗ್ರೆಸ್ ಬೇಕಾಗಿತ್ತು. ಹಳೆಯ ಪ್ರೋಗ್ರಾಮುಗಳನ್ನು ಹಾಗೆಯೇ ಇಟ್ಟುಕೊಂಡು ಕೆಳಗಿನ ಡೇಟಾಬೇಸನ್ನು ಮಾತ್ರ ಬದಲಾಯಿಸಬೇಕು. ಮನೆಯನ್ನು ಎತ್ತಿ ಹಿಡಿದು ಪಂಚಾಂಗ ಬದಲಾಯಿಸುವ ಹಾಗೆ. ನಾಲ್ಕು ಜನ ಕೂತೆವು.

ಇದು ಎಂಥ ಕೆಲಸ ಎಂದು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಸಿ ಭಾಷೆ ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬಿನಲ್ಲಿ ಡೆನ್ನಿಸ್ ರಿಚಿ ಕಟ್ಟಿದ್ದು. ಲೆಕ್ಕ ಮಾಡುತ್ತದೆ, ತೆರೆಯ ಮೇಲೆ ಬರೆಯುತ್ತದೆ, ಎಲ್ಲ ಮಾಡುತ್ತದೆ. ಆದರೆ ‘ಇಂಥ ನಂಬರಿನ ಖಾತೆಯಲ್ಲಿ ಎಷ್ಟು ಹಣ ಇದೆ’ ಎಂದು ಡೇಟಾಬೇಸನ್ನು ಕೇಳುವ ಮಾತು ಅದಕ್ಕೆ ಹುಟ್ಟಿನಿಂದ ಬಂದದ್ದಲ್ಲ. ಕೇಳುವ ಮಾತಿಗೆ ಬೇರೆಯೇ ಭಾಷೆ: ಎಸ್‌ಕ್ಯೂಎಲ್. 1970ರಲ್ಲಿ ಎಡ್ಗರ್ ಕಾಡ್ ಬರೆದ ಒಂದು ಪ್ರಬಂಧದ ದಾರಿ ಹಿಡಿದು, ಐಬಿಎಂನಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬ ಇಬ್ಬರು 1974ರಲ್ಲಿ ಅದನ್ನು ಪ್ರಕಟಿಸಿದರು. ಆಗ ಅದರ ಹೆಸರು ಸೀಕ್ವೆಲ್. ಈ ಎರಡನ್ನೂ ಒಂದೇ ಕಡತದಲ್ಲಿ ಬರೆಯುವುದಕ್ಕೆ ಎಂಬೆಡೆಡ್ ಎಸ್‌ಕ್ಯೂಎಲ್ ಅನ್ನುತ್ತಾರೆ. ಸಿ ಭಾಷೆಯ ಸಾಲುಗಳು ಹೋಗುತ್ತಿರುವಾಗ ನಡುವೆ ಒಂದು ಗುರುತು ಹಾಕಿ ಎಸ್‌ಕ್ಯೂಎಲ್ ವಾಕ್ಯ. ಮೊದಲು ಪ್ರಿಕಂಪೈಲರ್ ಎಂಬ ಓದುಗ ಬರುತ್ತಾನೆ. ಗುರುತು ಇರುವ ವಾಕ್ಯಗಳನ್ನು ಮಾತ್ರ ಓದಿ, ಅವನ್ನು ಸಿ ಭಾಷೆಗೆ ಅರ್ಥವಾಗುವಂತೆ ಮಾಡಿ, ಉಳಿದದ್ದನ್ನು ಮುಟ್ಟದೆ ಹೋಗುತ್ತಾನೆ. ಆಮೇಲೆ ಸಿ ಕಂಪೈಲರ್ ಬಂದು ಒಟ್ಟು ಓದುತ್ತದೆ. ಮನೆಯಲ್ಲಿ ಒಂದು, ಗಾಡಿಯಲ್ಲಿ ಒಂದು, ಆಫೀಸಿನಲ್ಲಿ ಇನ್ನೊಂದು ಅಂತ ಒಂದೇ ಉಸಿರಿನಲ್ಲಿ ಮೂರು ಭಾಷೆ ಆಡುವ ಮುಂಬಯಿ ಕನ್ನಡಿಗರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಲಿಕ್ಕಿಲ್ಲ.

ಇನ್ನೊಂದು ಸಂಗತಿ, ಮುಖ್ಯವಾದದ್ದು. ಎಸ್‌ಕ್ಯೂಎಲ್ ವಾಕ್ಯದ ಒಳಗೆ ‘ಖಾತೆನಂಬರು’ ಎಂಬ ಹೆಸರು ಬಂತು ಅನ್ನಿ. ಅದು ಡೇಟಾಬೇಸಿನ ಪಟ್ಟಿಯಲ್ಲಿರುವ ಕಾಲಮ್ಮಿನ ಹೆಸರೋ, ಅಥವಾ ಹೊರಗಿನ ಸಿ ಪ್ರೋಗ್ರಾಮು ಈಗ ಕೈಯಲ್ಲಿ ಹಿಡಿದಿರುವ ಒಂದು ನಂಬರೋ? ಎರಡಕ್ಕೂ ಒಂದೇ ಹೆಸರಿಡುವುದು ಪ್ರೋಗ್ರಾಮು ಬರೆಯುವವರ ಚಾಳಿ. ಅದಕ್ಕಾಗಿ ಹೊರಗಿನಿಂದ ಬಂದ ಹೆಸರಿನ ಹಿಂದೆ ಒಂದು ಗುರುತು ಹಾಕಬೇಕು. ಇನ್‌ಫಾರ್ಮಿಕ್ಸಿನ ಹಳೆಯ ಪದ್ಧತಿಯಲ್ಲಿ ಅದು ಡಾಲರ್ ಗುರುತು. ವಾಕ್ಯದ ಆರಂಭಕ್ಕೂ ಡಾಲರ್, ಹೊರಗಿನ ಹೆಸರಿಗೂ ಡಾಲರ್. ಎಲ್ಲರಿಗೂ ಸಲ್ಲುವ ಪದ್ಧತಿಯಲ್ಲಿ ವಾಕ್ಯದ ಆರಂಭಕ್ಕೆ ‘ಎಕ್ಸೆಕ್ ಎಸ್‌ಕ್ಯೂಎಲ್’ ಎಂಬ ಎರಡು ಪದ. ಹೊರಗಿನ ಹೆಸರಿಗೆ ಕೋಲನ್, ಅಂದರೆ ಒಂದರ ಮೇಲೊಂದು ಎರಡು ಚುಕ್ಕೆ. ಪೋಸ್ಟ್‌ಗ್ರೆಸ್ಸಿನ ಪ್ರಿಕಂಪೈಲರಿಗೆ ಇನ್‌ಫಾರ್ಮಿಕ್ಸಿನ ಡಾಲರನ್ನು ಸಹಿಸಿಕೊಳ್ಳುವ ಒಂದು ಕ್ರಮ ಇದೆ. ಆದರೂ ಎಷ್ಟು ದಿನ ಸಹಿಸಿಕೊಂಡು ಇರುವುದು, ಒಂದೇ ಸಲ ಎಲ್ಲ ಬದಲಾಯಿಸಿಬಿಡಿ ಎಂದರು ನಮ್ಮ ಮ್ಯಾನೇಜರು.

ಬದಲಾಯಿಸಲು ಕೂತಾಗ ತಪ್ಪುಗಳ ಸುರಿಮಳೆ. ಯಂತ್ರ ಹೇಳುವುದು ಒಂದೇ ಮಾತು: ಇಂಥ ಸಾಲಿನಲ್ಲಿ, ಇಂಥ ಪದದ ಹತ್ತಿರ, ವ್ಯಾಕರಣ ದೋಷ. ಈ ‘ಹತ್ತಿರ’ ಎಂಬುದನ್ನು ಗಮನಿಸಬೇಕು. ಎಡವಿದ್ದು ಎಲ್ಲಿ ಎಂದು ಅದಕ್ಕೆ ಗೊತ್ತಿಲ್ಲ, ಬಿದ್ದದ್ದು ಎಲ್ಲಿ ಎಂದಷ್ಟೇ ಗೊತ್ತು. ಮೇಲಿನ ಸಾಲಿನಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋಗಿದ್ದರೆ ದೂರು ಬರುವುದು ಕೆಳಗಿನ ಸಾಲಿನ ಮೇಲೆ. ಹೊಸಬರು ಕೆಳಗಿನ ಸಾಲನ್ನೇ ತಿಕ್ಕುತ್ತಾ ಕೂರುತ್ತಾರೆ. ನಾನೂ ಕೂತಿದ್ದೇನೆ.

ಕೆಲವು ತಪ್ಪುಗಳು ನಗು ಬರಿಸುವಂಥವು. ಕ್ಯಾಶ್ ಕ್ರೆಡಿಟ್ ಸಾಲದ ಪಟ್ಟಿಯಲ್ಲಿ ‘ಲಿಮಿಟ್’ ಎಂಬ ಕಾಲಂ ಇತ್ತು. ಬ್ಯಾಂಕಿನಲ್ಲಿ ಲಿಮಿಟ್ ಇಲ್ಲದೆ ಸಾಲ ಎಲ್ಲಿ? ಆದರೆ ಪೋಸ್ಟ್‌ಗ್ರೆಸ್ಸಿನಲ್ಲಿ ಲಿಮಿಟ್ ಎಂಬುದು ಮೀಸಲು ಪದ, ‘ಇಷ್ಟೇ ಸಾಲು ಕೊಡು’ ಎಂಬ ಅರ್ಥದ್ದು. ಹಾಗಾಗಿ ಸಾಲದ ಪ್ರೋಗ್ರಾಮುಗಳೆಲ್ಲ ಒಟ್ಟಿಗೆ ಮುಗ್ಗರಿಸಿದವು. ಇನ್ನು ಕೆಲವು ಬಲೆಯಂಥವು. ಇನ್‌ಫಾರ್ಮಿಕ್ಸಿನಲ್ಲಿ ಒಂದು ಪದದ 4ರಿಂದ 6ನೆಯ ಅಕ್ಷರ ಬೇಕಾದರೆ ಚೌಕ ಕಂಸದಲ್ಲಿ 4, 6 ಎಂದು ಬರೆದರೆ ಸಾಕು. ಪೋಸ್ಟ್‌ಗ್ರೆಸ್ಸಿಗೆ ಅದು ತಿಳಿಯುವುದಿಲ್ಲ. ಎಲ್ಲಿಂದ, ಎಷ್ಟು ಅಕ್ಷರ ಎಂದು ಹೇಳಬೇಕು. ಅಂದರೆ 4ರಿಂದ 3. ಅವಸರದಲ್ಲಿ 4, 6 ಎಂದೇ ಹಾಕಿದಿರೋ, ವ್ಯಾಕರಣ ದೋಷ ಮಾಯವಾಗುತ್ತದೆ, ಮೂರು ಅಕ್ಷರದ ಬದಲು ಆರು ಬರುತ್ತವೆ. ಯಂತ್ರ ತೃಪ್ತಿಯಿಂದ ಸುಮ್ಮನಿರುತ್ತದೆ. ಇದನ್ನು ನಾನು ಎರಡನೆಯ ದಿನವೇ ಕಂಡುಹಿಡಿದು ಉಳಿದ ಮೂವರಿಗೆ ಪಾಠ ಹೇಳಿದ್ದೆ. ಪಾಠ ಹೇಳಿದವನೇ ಬೀಳುವುದು.

ಡಾಲರುಗಳನ್ನು ಒಂದೊಂದಾಗಿ ಬದಲಾಯಿಸುವುದು ಮನುಷ್ಯರ ಕೆಲಸವಲ್ಲ ಎಂದು ನಾನೊಂದು ಚಿಕ್ಕ ಪ್ರೋಗ್ರಾಮು ಬರೆದೆ. ಸಾಲಿನ ಮೊದಲಲ್ಲಿ ಡಾಲರ್ ಕಂಡರೆ ಅದು ವಾಕ್ಯದ ಆರಂಭ, ‘ಎಕ್ಸೆಕ್ ಎಸ್‌ಕ್ಯೂಎಲ್’ ಹಾಕು. ಸಾಲಿನ ನಡುವೆ ಕಂಡರೆ ಅದು ಹೊರಗಿನ ಹೆಸರು, ಎರಡು ಚುಕ್ಕೆ ಹಾಕು. ಒಂದೇ ಮಧ್ಯಾಹ್ನದಲ್ಲಿ ಸಾವಿರಾರು ಕಡೆ ಬದಲಾಯಿತು. ಮ್ಯಾನೇಜರು ಕಟಿಂಗ್ ಚಹಾ ಕೊಡಿಸಿದರು.

ಆದರೆ ಹಳೆಯ ಪ್ರೋಗ್ರಾಮು ಬರೆದವರು ಕೆಲವು ಕಡೆ ಉದ್ದದ ವಾಕ್ಯವನ್ನು ಮುರಿದು, ಹೊರಗಿನ ಹೆಸರನ್ನು ಕೆಳಗಿನ ಸಾಲಿನ ಮೊದಲಲ್ಲಿ ಬರೆದಿದ್ದರು. ಅಲ್ಲೆಲ್ಲ ನನ್ನ ಪ್ರೋಗ್ರಾಮು ವಾಕ್ಯದ ಹೊಟ್ಟೆಯಲ್ಲಿ ಇನ್ನೊಂದು ‘ಎಕ್ಸೆಕ್ ಎಸ್‌ಕ್ಯೂಎಲ್’ ತುರುಕಿತ್ತು. ಪ್ರಿಕಂಪೈಲರ್ ಬೊಬ್ಬೆ ಹಾಕಿತು. ಅಂಥವನ್ನು ನಾಲ್ವರೂ ಹಂಚಿಕೊಂಡು ಕೈಯಿಂದಲೇ ತಿದ್ದಲು ಕೂತೆವು. ಬೇಡದ ಎರಡು ಪದಗಳನ್ನು ಅಳಿಸುವುದು, ಮತ್ತೆ ಓಡಿಸುವುದು, ದೋಷ ಹೋಯಿತೇ ನೋಡುವುದು, ಪಟ್ಟಿಯಲ್ಲಿ ಟಿಕ್ ಹಾಕುವುದು. ಸಂಜೆಯ ಹೊತ್ತಿಗೆ ನನ್ನ ಪಾಲಿನ ದೋಷಗಳೆಲ್ಲ ಸೊನ್ನೆ.

ಅದರಲ್ಲಿ ಒಂದು ಪ್ರೋಗ್ರಾಮು ನಿಷ್ಕ್ರಿಯ ಖಾತೆಗಳದ್ದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾತೆದಾರ ಹಣ ಹಾಕದೆ, ತೆಗೆಯದೆ ಇದ್ದರೆ ಆ ಖಾತೆಯನ್ನು ನಿಷ್ಕ್ರಿಯ ಎಂದು ಗುರುತಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ. ನಮ್ಮವರಿಗೆ ಇದು ಗೊತ್ತಿರುವ ಸಂಗತಿಯೇ. ಹೊಟೇಲಿನ ಹುಡುಗ ಊರಿಗೆ ಹೋಗುತ್ತಾನೆ, ಬರುವುದಿಲ್ಲ; ಪಾಸ್‌ಬುಕ್ಕು ಟ್ರಂಕಿನಲ್ಲಿ ಉಳಿಯುತ್ತದೆ. ನಮ್ಮ ತಂದೆಯದೂ ಅಂಥದೊಂದು ಪಾಸ್‌ಬುಕ್ಕು ಇತ್ತು. ಪ್ರೋಗ್ರಾಮು ಅಂಥ ಖಾತೆಗಳನ್ನು ಒಂದೊಂದಾಗಿ ಹುಡುಕಿ, ಸಿಕ್ಕ ಖಾತೆಯ ಸಾಲಿನಲ್ಲಿ ‘ನಿಷ್ಕ್ರಿಯ’ ಎಂದು ಬರೆಯಬೇಕು.

ಪರೀಕ್ಷೆಯ ದಿನ ಅದು ಮೊದಲನೆಯ ಖಾತೆಗೇ ನಿಂತುಹೋಯಿತು. ತೆರೆಯ ಮೇಲೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ನಡುವೆ ಜಾಗವಿಲ್ಲದೆ, ಒಂದು ಪದ. ಪರೀಕ್ಷೆ ಮಾಡುತ್ತಿದ್ದ ಮರಾಠಿ ಹುಡುಗಿ ಅದನ್ನು ‘ಆನ್‌ಡೇಕ್’ ಎಂದು ಓದಿದಳು. ಹಳೆಯ ಯುನಿಕ್ಸಿನ ಏನೋ ಸಂಕೇತ ಇರಬೇಕೆಂದು ಎಲ್ಲ ಕಡೆ ಹುಡುಕಿದೆವು. ಎಲ್ಲೂ ಇಲ್ಲ. ಪ್ರೋಗ್ರಾಮು ನೋಡಿದರೆ, ಬರೆಯುವ ವಾಕ್ಯದ ಕೆಳಗೆ ಒಂದು ಕಾವಲು ಇತ್ತು: ಈಗ ಬದಲಾದ ಸಾಲುಗಳ ಸಂಖ್ಯೆ ಒಂದಲ್ಲದಿದ್ದರೆ, ಮಾಡಿದ್ದನ್ನೆಲ್ಲ ರದ್ದು ಮಾಡಿ, ಈ ಪದ ಬರೆದು ನಿಲ್ಲು. ನಾನು ತರ್ಕ ಮಾಡಿದೆ. ವಾಕ್ಯದಲ್ಲಿ ದೋಷವಿಲ್ಲ, ಯಂತ್ರವೇ ಒಪ್ಪಿದೆ. ಸಂಖ್ಯೆ ಹೇಳುವ ಕ್ರಮ ಇನ್‌ಫಾರ್ಮಿಕ್ಸಿನಲ್ಲಿ ಒಂದು, ಇಲ್ಲಿ ಇನ್ನೊಂದು ಇದ್ದೀತು. ಹಾಗಾಗಿ ಕೆಟ್ಟಿರುವುದು ಕಾವಲು. ಅದನ್ನು ತೆಗೆದುಬಿಟ್ಟೆ. ಪ್ರೋಗ್ರಾಮು ತಡೆಯಿಲ್ಲದೆ ಕೊನೆಯವರೆಗೆ ಓಡಿತು. ಟಿಕ್.

ಆ ರಾತ್ರಿ ಊಟಕ್ಕೆ ಕೂತಿದ್ದೆ. ಅಮ್ಮ ಫೋನಿನಲ್ಲಿ ಬಸ್ರೂರಿನ ಚಿಕ್ಕಮ್ಮನ ಹತ್ತಿರ ಮಾತಾಡುತ್ತಿದ್ದಳು. ನಮ್ಮದು ಕುಂದಾಪುರ ಕಡೆ. ಯಾವುದೋ ಮದುವೆಯ ಸುದ್ದಿ. “ಹಾಂಗೇ ಆಯ್ಕ್, ಮತ್ತೆಂತ” ಅಂದಳು. ‘ಹಾಗೆಯೇ ಆಗಬೇಕು’ ಎಂದು ಅರ್ಥ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ತೆರೆಯ ಮೇಲಿದ್ದ ಪದ ಸಂಕೇತವೂ ಅಲ್ಲ, ಇಂಗ್ಲಿಷೂ ಅಲ್ಲ. ‘ಒಂದೇ ಆಯ್ಕ್.’ ಒಂದೇ ಆಗಬೇಕು. ಒಂದು ಸಲಕ್ಕೆ ಒಂದೇ ಸಾಲು ಬದಲಾಗಬೇಕು ಮಾರಾಯ, ಹೆಚ್ಚಾದರೆ ನಿಲ್ಲು, ಎಂದು ಯಾರೋ ನನ್ನ ಅಮ್ಮನ ಭಾಷೆಯಲ್ಲಿ ಇಪ್ಪತ್ತೈದು ವರ್ಷಗಳ ಹಿಂದೆ ಬರೆದಿಟ್ಟಿದ್ದರು. ನಾನು ಅದನ್ನು ಇಂಗ್ಲಿಷೆಂದು ಓದಿ ಅಳಿಸಿದ್ದೆ.

ಬೆಳಿಗ್ಗೆ ಆರರ ಗಾಡಿ ಹಿಡಿದೆ. ಪರೀಕ್ಷೆಗೆ ಇಟ್ಟಿದ್ದ ಪ್ರತಿಯನ್ನು ತೆರೆದರೆ, ಅದರಲ್ಲಿದ್ದ ಅಷ್ಟೂ ಖಾತೆಗಳು ನಿಷ್ಕ್ರಿಯ. ಹಿಂದಿನ ದಿನ ಹಣ ಕಟ್ಟಿದವರದೂ ಸೇರಿ. ವಾಕ್ಯವನ್ನು ನೋಡಿದೆ. ಮುರಿದ ಸಾಲು. ಬೇಡದ ಎರಡು ಪದಗಳನ್ನು ಅಳಿಸಿದವನು ಅವುಗಳ ಜಾಗದಲ್ಲಿ ಎರಡು ಚುಕ್ಕೆ ಇಡಲು ಮರೆತಿದ್ದೆ. ‘ಯಾವ ಸಾಲಿನ ಖಾತೆನಂಬರು ನನ್ನ ಕೈಯಲ್ಲಿರುವ ಖಾತೆನಂಬರಿಗೆ ಸಮವೋ ಅದನ್ನು ಬದಲಾಯಿಸು’ ಎಂದು ಇರಬೇಕಾದದ್ದು, ಚುಕ್ಕೆ ಹೋದ ಮೇಲೆ ‘ಯಾವ ಸಾಲಿನ ಖಾತೆನಂಬರು ತನಗೆ ತಾನೇ ಸಮವೋ’ ಎಂದಾಗಿತ್ತು. ತನಗೆ ತಾನು ಸಮವಲ್ಲದ ಖಾತೆ ಯಾವುದು? ವ್ಯಾಕರಣದಲ್ಲಿ ಕೊರತೆ ಇಲ್ಲ. ಪ್ರಿಕಂಪೈಲರ್ ಒಪ್ಪಿತು. ಸಿ ಕಂಪೈಲರಿಗೂ ಸಂಶಯ ಬರಲಿಲ್ಲ, ಯಾಕೆಂದರೆ ಆ ಹೆಸರು ಮೇಲೆ ಬೇರೆ ಕಡೆ ಬಳಕೆಯಾಗಿತ್ತು. ಒಪ್ಪದೆ ನಿಂತದ್ದು ಆ ಕಾವಲು ಒಂದೇ.

ಇಲ್ಲಿಯೇ ಸಂಪಾದಕರ ತಮಾಷೆ ನೆನಪಾದದ್ದು. ಗ್ರಂಥಸಂಪಾದನೆಯ ತರಗತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರಲ್ಲ: ಎರಡು ಪಾಠಗಳು ಸಿಕ್ಕಿದರೆ ಕ್ಲಿಷ್ಟವಾದದ್ದನ್ನು ಸುಲಭಕ್ಕೆ ಬಿಡಬೇಡಿ, ಲಿಪಿಕಾರ ಕಷ್ಟದ್ದನ್ನು ಸರಳ ಮಾಡುತ್ತಾನೆಯೇ ಹೊರತು ಸರಳವಾದದ್ದನ್ನು ಕಷ್ಟ ಮಾಡುವುದು ಅಪರೂಪ, ಎಂದು. ಏನೂ ತಿಳಿಯದ ಲಿಪಿಕಾರ ತಾಳೆಗರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಕೊರೆಯುತ್ತಾನೆ. ತಪ್ಪಿದರೆ ತಪ್ಪು ಎದ್ದು ಕಾಣುತ್ತದೆ. ಸ್ವಲ್ಪ ತಿಳಿದವನು ತಿದ್ದುತ್ತಾನೆ. ಛಂದಸ್ಸು ಕೆಡದಂತೆ, ವ್ಯಾಕರಣ ಕೆಡದಂತೆ ತಿದ್ದಿ, ಕವಿಯ ಮಾತನ್ನು ಮಾತ್ರ ಕಳೆಯುತ್ತಾನೆ. ಅದನ್ನು ಪರೀಕ್ಷೆಯಲ್ಲಿ ಉದಾಹರಣೆ ಸಮೇತ ಬರೆದು ಒಳ್ಳೆಯ ಅಂಕ ತೆಗೆದವನು ನಾನು. ಮರೋಳದ ಆಫೀಸಿನಲ್ಲಿ ಕೂತಾಗ ನಾನೇ ಆ ಸ್ವಲ್ಪ ತಿಳಿದ ಲಿಪಿಕಾರ ಎಂದು ಹೊಳೆಯಲಿಲ್ಲ. ನಾನು ಓದಿದ್ದು ವಾಕ್ಯವನ್ನಲ್ಲ, ದೋಷದ ಪಟ್ಟಿಯನ್ನು.

ಅದು ಪರೀಕ್ಷೆಯ ಪ್ರತಿ. ಯಾರ ಹಣಕ್ಕೂ ತೊಂದರೆ ಆಗಲಿಲ್ಲ. ಆಫೀಸಿಗೆ ಇನ್ನೂ ಯಾರೂ ಬಂದಿರಲಿಲ್ಲ. ಎರಡು ಚುಕ್ಕೆ ಇಟ್ಟು, ಕಾವಲನ್ನು ಮೊದಲಿನಂತೆ ಮಾಡಿ, ಪ್ರತಿಯನ್ನು ಹೊಸದಾಗಿ ತುಂಬಿಸಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತಿತ್ತು. ನಿಜ ಹೇಳುತ್ತೇನೆ, ಮಾಡಲು ಶುರು ಮಾಡಿಯೂ ಇದ್ದೆ. ಬ್ಯಾಂಕಿನವರಿಗೆ ಕೊಟ್ಟ ದಿನಾಂಕಕ್ಕೆ ಎರಡೇ ದಿನ ಉಳಿದಿತ್ತು. ಕಟಿಂಗ್ ಚಹಾ ಕೊಡಿಸಿದ ಮ್ಯಾನೇಜರಿಗೆ ಏನೆಂದು ಮುಖ ತೋರಿಸುವುದು? ಆಗ ಟಿಕ್ ಹಾಕಿದ ಪಟ್ಟಿ ಕಣ್ಣಿಗೆ ಬಿತ್ತು. ನಾನು ಕೈಯಿಂದ ತಿದ್ದಿದ ವಾಕ್ಯ ಇದೊಂದೇ ಅಲ್ಲವಲ್ಲ. ಉಳಿದ ಮೂವರೂ ಹೀಗೆಯೇ ತಿದ್ದಿದ್ದಾರೆ. ಎಲ್ಲ ಕಡೆಯೂ ‘ಒಂದೇ ಆಯ್ಕ್’ ಎಂಬ ಕಾವಲು ಇದೆಯೆಂದು ಏನು ಗ್ಯಾರಂಟಿ?

ಮ್ಯಾನೇಜರು ಹತ್ತು ಗಂಟೆಗೆ ಬಂದರು. ಹೇಳಿದೆ. ಕಾವಲು ತೆಗೆದದ್ದನ್ನೂ ಹೇಳಿದೆ. ನಿಜಕ್ಕೂ ಅದನ್ನು ಹೇಳುವುದೇ ಕಷ್ಟವಾದದ್ದು. ಚುಕ್ಕೆ ಮರೆತದ್ದು ಕೈತಪ್ಪು ಅನ್ನಬಹುದು, ಕಾವಲು ತೆಗೆದದ್ದು ಹಾಗಲ್ಲ. ಅವರು ಬಯ್ಯಲಿಲ್ಲ, ಹಾಗೆಂದು ಸಮಾಧಾನವನ್ನೂ ಹೇಳಲಿಲ್ಲ. ಫೋನೆತ್ತಿ ಬ್ಯಾಂಕಿಗೆ ಒಂದು ವಾರ ತಡವಾಗುತ್ತದೆ ಎಂದರು. ನಾಲ್ವರೂ ಟಿಕ್ ಹಾಕಿದ ವಾಕ್ಯಗಳನ್ನೆಲ್ಲ ಮುದ್ರಿಸಿ, ಹಳೆಯದನ್ನು ಒಬ್ಬರು ಗಟ್ಟಿಯಾಗಿ ಓದುವುದು, ಹೊಸದನ್ನು ಇನ್ನೊಬ್ಬರು ನೋಡುವುದು, ಪ್ರೂಫ್ ತಿದ್ದಿದ ಹಾಗೆ. ನನ್ನ ಪಾಲಿನಲ್ಲಿ ಇನ್ನೂ ಎರಡು ಸಿಕ್ಕವು. ಇನ್ನೊಬ್ಬನ ಪಾಲಿನಲ್ಲಿ ಒಂದು. ಅದು ಮಾರ್ಚ್ 31ರ ರಾತ್ರಿ ಮಾತ್ರ ಓಡುವ ಬಡ್ಡಿಯ ಪ್ರೋಗ್ರಾಮಿನಲ್ಲಿ. ಅದಕ್ಕೆ ಕಾವಲು ಇರಲಿಲ್ಲ.

ಕೆಲಸ ಮುಗಿದ ಮೇಲೆ, ಆ ಪದ ಬರೆದವರು ಯಾರು ಎಂದು ಬ್ಯಾಂಕಿನ ಹಳಬರನ್ನು ಕೇಳುತ್ತಾ ಹೋದೆ. ಸಿಕ್ಕರು. ಮುಲುಂಡಿನಲ್ಲಿ ಮಗಳ ಮನೆಯಲ್ಲಿ ಇದ್ದರು. ಹದಿಮೂರನೆಯ ವಯಸ್ಸಿನಲ್ಲಿ ಹೊಟೇಲಿಗೆ ಬಂದು, ಫೋರ್ಟಿನ ರಾತ್ರಿ ಶಾಲೆಯಲ್ಲಿ ಕಲಿತು, ಆಮೇಲೆ ಅಂಥದೇ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರಂತೆ. ಎಲ್ಲರೂ ಮಾಸ್ಟ್ರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. 1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ಯೂನಿಯನ್ನುಗಳಿಗೂ ಯಂತ್ರಗಳ ವಿಷಯದಲ್ಲಿ ಒಪ್ಪಂದವಾದ ಮೇಲೆ ಈ ಊರಿನ ಬ್ಯಾಂಕುಗಳಲ್ಲಿ ಲೆಡ್ಜರ್ ಯಂತ್ರಗಳು ಬಂದವಲ್ಲ, ಆ ಕಾಲಕ್ಕೆ ಕಂಪ್ಯೂಟರ್ ಕಲಿತವರು.

ಪದ ಹೇಳಿದ ಕೂಡಲೇ ಗುರುತು ಹಿಡಿದು ನಕ್ಕರು. “ನಂಗೂ ಒಂದ್ ಸಲ ಹಾಂಗೇ ಆಯ್ತ್ ಮಗಾ. ಡಾಲರ್ ಬಿಟ್ಟಿದ್ದೆ. ಪರೀಕ್ಷೆ ಗಿರೀಕ್ಷೆ ಎಲ್ಲ ಎಲ್ಲಿತ್ತ್ ಆಗ? ನಿಜದ ಲೆಕ್ಕದ ಮೇಲೇ. ರಾತ್ರಿಯಿಡೀ ಲೆಡ್ಜರ್ ನೋಡಿ ನೋಡಿ ಸರಿ ಮಾಡಿದ್ದ್. ಮರುದಿನ ಆ ಕಾವಲ್ ಹಾಕಿದೆ.”

“ಕನ್ನಡದಲ್ಲಿ ಎಂತಕ್ಕೆ ಬರೆದದ್ದು ಮಾಸ್ಟ್ರೇ?” ಎಂದೆ. ಏನಾದರೂ ದೊಡ್ಡ ಮಾತು ಹೇಳುತ್ತಾರೆ, ಬಳಗದಲ್ಲಿ ಹೇಳಿಕೊಳ್ಳಬಹುದು ಎಂಬ ಆಸೆ ನನ್ನದು.

“ರಾತ್ರಿ ಪಾಳಿಯ ಆಪರೇಟರ್ ನಮ್ಮ ಊರ್ ಕಡೆಯವ. ಅವಂಗೆ ಇಂಗ್ಲಿಷ್ ತಲೆಗ್ ಹತ್ತೂದಿಲ್ಲೆ ಇದ್ದಿತ್ತ್. ಮತ್ತೆಂತ?”

ಕಾಫಿ ಬಂತು. ನಾನು ಚೀಲದಿಂದ ಆ ಪುಟದ ಮುದ್ರಿತ ಪ್ರತಿ ತೆಗೆದು ಕೊಟ್ಟೆ. ಹೊಸ ಪ್ರೋಗ್ರಾಮಿನಲ್ಲಿಯೂ ಆ ಪದವನ್ನು ಹಾಗೇ ಇಟ್ಟು, ಕೆಳಗೊಂದು ಸಾಲಿನಲ್ಲಿ ಇಂಗ್ಲಿಷಿನಲ್ಲಿ ಅರ್ಥ ಬರೆದಿದ್ದೆ. ಮಾಸ್ಟ್ರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ನನ್ನ ಎರಡು ಚುಕ್ಕೆಯ ಮೇಲೆ ಬೆರಳಿಟ್ಟು ತಲೆ ಹಾಕಿದರು. ಆಮೇಲೆ ಬೆರಳು ಕೆಳಗಿಳಿದು ಆ ಪದದ ಮೇಲೆ ನಿಂತಿತು.

“ಇದ್ರಲ್ಲ್ ತಪ್ಪಿತ್ತಲ್ದಾ? ‘ಒಂದೇ’ ಅಂಬುದ್ ದೀರ್ಘ. ಇಂಗ್ಲಿಷಿನ ‘ಇ’ ಎರಡ್ ಸಲ ಬರ್ಕ್. ಸರಿ ಮಾಡ್.”

ಆಗಲಿ ಎಂದು ಹೇಳಿ ಬಂದೆ. ಇದುವರೆಗೂ ಸರಿ ಮಾಡಿಲ್ಲ.